ಹುರಿ ಮಿಕ್ಕಿದ ನೂಲು

ಇಪ್ಪತ್ತೆಂಟು ಚಕ್ರದ ಗಾಡಿ ನನ್ನದು,
ಬೆನ್ನ ಮೇಲೆ ನೂರು ಟನ್ನಿನ ಬಿಳಿ ಬಟ್ಟಲು.
ಐದು ಸಾವಿರ ಮೀಟರ್ ಎತ್ತರ, ಮೂಗಿಗೆ ಆಮ್ಲಜನಕದ ನಳಿಗೆ.
ಎಡಕ್ಕೆ ಲಿಕಾನ್ಕಬೂರ್ ಬೆಟ್ಟ, ಬಲಕ್ಕೆ ಏನೂ ಇಲ್ಲ.
ಮಲಗಿದ ಕೂಸನ್ನು ತೊಟ್ಟಿಲ ಸಮೇತ ಹೊತ್ತಂತೆ ಹೋಗಬೇಕು.
ವಿಕೂನ್ಯಗಳು ಮೇಯುತ್ತ ಮೇಯುತ್ತಲೇ ನನ್ನನ್ನು ಹಿಂದಿಕ್ಕುತ್ತವೆ,
ತಿರುಗಿಯೂ ನೋಡುವುದಿಲ್ಲ.

ಈ ತಿಂಗಳು ಬಟ್ಟಲುಗಳನ್ನು ದೂರ ದೂರ ಇಡುವ ಕೆಲಸ.
ಹತ್ತಿರ ಹತ್ತಿರ ನಿಂತರೆ ಕಣ್ಣು ಮಂಜಂತೆ;
ಹದಿನಾರು ಕಿಲೋಮೀಟರ್ ಚೆದುರಿದರೆ
ಎಲ್ಲ ಕೂಡಿ ಒಂದೇ ಚೂಪು ಕಣ್ಣು.
ಹೇಳಿದವಳು ಫ್ರೆಸಿಯಾ, ತೆಮೂಕೋದ ಹುಡುಗಿ,
ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕುವವಳು,
ಮೂರು ವರ್ಷದಿಂದ ಒಂದೇ ಕರಿಮೋಡ ನೋಡುತ್ತಿರುವವಳು.
ಮೊದಲ ವರ್ಷ ಅದರೊಳಗೆ ಒಂದು ಕಲೆ.
ಈಗ ಎರಡು ಚುಕ್ಕಿ, ನಡುವೆ ಕತ್ತಲು.
'ನೀವು ಗಾಡಿ ಓಡಿಸಿದ್ದಕ್ಕೇ ಇದು ಬಿಡಿಸಿತು' ಎಂದಳು.
ನಾನು ಕೈಗವಸು ಕಳಚಿ ನೋಡಿದೆ.

ಮಚುಕಾದಲ್ಲಿ ನನ್ನಜ್ಜಿ ತೊಮಾಸಾ
ಚುಕ್ಕಿ ಎಣಿಸಿದವಳಲ್ಲ, ಚುಕ್ಕಿಗಳ ನಡುವಿನ ಕಪ್ಪನ್ನು ಓದಿದವಳು.
ಅಗೋ ಕರಿಯ ಲಾಮಾ, ಅಗೋ ಅದರ ಕೆಚ್ಚಲಿಗೆ ಬಾಯಿಟ್ಟ ಮರಿ.
ಇದನ್ನು ಹೇಳಿದಾಗ ಫ್ರೆಸಿಯಾ ನಗಲಿಲ್ಲ.
ಅಂಥ ಕಪ್ಪಿನ ಹೊಟ್ಟೆಯಲ್ಲೇ ಅವು ಹುಟ್ಟುವುದು ಎಂದಳು:
ಅಷ್ಟು ಥಂಡಿ ಇರಬೇಕು, ಮೋಡ ತನ್ನ ಭಾರ ತಾನೇ ತಾಳದೆ
ಒಳಕ್ಕೆ ಕುಸಿಯುವಷ್ಟು.
ಕುಸಿಯುವುದಕ್ಕೆ ಮೊದಲೇ ಒಂದು ತಿರುವು ಇರುತ್ತದಂತೆ,
ಯಾರ ಗಮನಕ್ಕೂ ಬಾರದ್ದು;
ಒಳಗೊಳಗೆ ಬಂದಂತೆ ಅದೇ ಗಿರಗಿರ.
ತಿರುವನ್ನು ಎಲ್ಲಿ ಎಸೆಯುವುದು? ಎಸೆಯಲು ಬರುವುದಿಲ್ಲ.

ಇದು ನನಗೆ ಗೊತ್ತಿತ್ತು.
ಉಣ್ಣೆಯ ಮೋಡದಿಂದ ಎಳೆ ಎಳೆದು
ಕದಿರು ಬೀಸುತ್ತ ಕೂತವಳು ನಾನು, ಏಳು ವರ್ಷದವಳು;
ಹುರಿ ಮಿಕ್ಕಿ, ಕೈ ಸಡಿಲಿ,
ನೂಲು ಚಂಗನೆ ತನ್ನ ಮೇಲೆ ತಾನೇ ಮಡಚಿ
ಎರಡೆಳೆಯಾಗಿ ಸುತ್ತಿಕೊಂಡಿತು.
ಅಜ್ಜಿ ಮುಂಗೈಗೆ ಒಂದೇಟು ಕೊಟ್ಟಳು:
'ಹುರಿ ಹೆಚ್ಚಾದದ್ದು ಒಂಟಿಯಾಗಿ ಇರಲೊಲ್ಲದು.'

ಯಾವಾಗಲೂ ಹಾಗಲ್ಲ ಎಂದಳು ಫ್ರೆಸಿಯಾ.
ಕೆಲವು ಮೋಡ ಸರಿಯಾಗಿ ಹಿಂಜದ ಉಣ್ಣೆಯಂತೆ, ಮೊದಲೇ ಗಂಟು ಗಂಟು.
ಗಂಟು ಗಂಟೂ ತನ್ನ ಪಾಡಿಗೆ ಕುಸಿದು
ಆಮೇಲೆ ಒಂದರ ಕಡೆಗೊಂದು ಜರುಗುತ್ತವೆ.
ಇಲ್ಲವೇ ಒಂದೇ ಹುಟ್ಟಿ, ಅದರ ಸುತ್ತಣ ತಟ್ಟೆ
ಹೊರಲಾರದಷ್ಟು ತುಂಬಿ ಹರಿದು, ಆ ಚೂರು ಜೊತೆಗಾರನಾಗುತ್ತದೆ.
'ಇಲ್ಲಿ ಯಾವುದು?'
'ಗೊತ್ತಿಲ್ಲ' ಎಂದು ಐದನೆಯ ಚಮಚ ಹಾಕಿಕೊಂಡಳು.

ಒಂದು ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.
ಹೊರಗಿನಿಂದ ಸುರಿವ ಅನಿಲದಲ್ಲಿ ಚಿಕ್ಕದಕ್ಕೇ ಹೆಚ್ಚು ಪಾಲು,
ಬೆಳೆದು ಬೆಳೆದು ಎರಡೂ ಸಮಸಮ.
ಅಜ್ಜಿಯದೂ ಅದೇ ನ್ಯಾಯ, ಬಡಕಲು ಮರಿಗೆ ಮೊದಲ ಬಾಟಲಿ.

ಮೂರಾದರೆ ಕತೆ ಬೇರೆ.
ಮೂವರ ಕುಣಿತ ತಾಳಕ್ಕೆ ಬಾರದು;
ಹಗುರವಾದದ್ದನ್ನು ಉಳಿದೆರಡು ಕೂಡಿ ಆಚೆ ಎಸೆಯುತ್ತವೆ.
ಕರಿಯ ಲಾಮಾದ ಒಂದು ಕಣ್ಣು ಎರಡು ಸೂರ್ಯ,
ದೂರದಲ್ಲಿ ಮೂರನೆಯದು, ಕೆಂಪಗೆ, ಸಣ್ಣಗೆ,
ಬರಿಗಣ್ಣಿಗೆ ಕಾಣದ್ದು, ಉದ್ದನೆಯ ಹಗ್ಗ ಇನ್ನೂ ಕೈಬಿಡದ್ದು.

ಅಕ್ಕಂದಿರಿಬ್ಬರು ಕಲಾಮಾದಲ್ಲಿ
ಒಂದೇ ಅಂಗಡಿ, ಒಂದೇ ಗಲ್ಲಾಪೆಟ್ಟಿಗೆ, ದಿನಕ್ಕೆರಡು ಜಗಳ.
ನಾನು ಇಲ್ಲಿ.

ಬಟ್ಟಲನ್ನು ಕಾಂಕ್ರೀಟಿನ ಮೂರು ಬಿಂದುವಿಗೆ ಕೂರಿಸಿದೆ,
ಕೂದಲೆಳೆಯಷ್ಟೂ ಆಚೀಚೆ ಆಗಬಾರದು.
ಹೊರೆ ಇಳಿದ ಗಾಡಿಯಲ್ಲಿ ಇಳಿದು ಬರುವಾಗ
ಸಿಗ್ನಲ್ಲು ಸಿಗುವ ತಿರುವಿನಲ್ಲಿ ಫೋನು.
ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಒಬ್ಬರ ಮೇಲೊಬ್ಬರು:
ಸಕ್ಕರೆ ಮೂಟೆ ಯಾರು ಬಿಚ್ಚಿಟ್ಟದ್ದು, ಇರುವೆ ಹೇಗೆ ಬಂತು.
ಮನೆಯಲ್ಲಿದ್ದಾಗ ಒಂದೇ ಗದ್ದಲವಾಗಿ ಕೇಳುತ್ತಿತ್ತು.
ಇಷ್ಟು ದೂರದಿಂದ,
ಯಾವುದು ಯಾರ ದನಿ ಎಂದು ನಾನು ಹೇಳಬಲ್ಲೆ.